ಬಿಸಿಲು ಮಧ್ಯಾಹ್ನ ಮೂರರವರೆಗೆ: ಏಪ್ರಿಲ್ ರಜೆಯಲ್ಲಿ ಸಂಡಿಗೆ, ಚಿಗಳಿ, ಪೀಪಿ, ಬುತ್ತಿ

ಸಂಡಿಗೆ ಹಾಕಲು ಸರಿಯಾದ ಕಾಲ ಮಾರ್ಚ್. ಶಿವರಾತ್ರಿ ಕಳೆದು ಯುಗಾದಿ ಬರುವವರೆಗೆ ಮೈಸೂರು ಸೀಮೆಯ ಬಿಸಿಲು ಒಣ ಬಿಸಿಲು. ಬೆಳಗ್ಗೆ ಹರಡಿದ್ದು ಸಂಜೆಗೆ ಅಂಚು ಎದ್ದಿರುತ್ತದೆ. ಆದರೆ ಮಕ್ಕಳಿಗೆ ರಜೆ ಸಿಗುವುದು ಏಪ್ರಿಲ್ ಎರಡನೇ ವಾರದಲ್ಲಿ. ಅಷ್ಟು ಹೊತ್ತಿಗೆ ಅಶ್ವಿನಿ ಮಳೆಯ ದಿನಗಳು ಶುರುವಾಗಿರುತ್ತವೆ, ತಿಂಗಳ ಕೊನೆಗೆ ಭರಣಿ ಕೂಡುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ ಹೊಲದವರು. ತಾರಸಿಯ ಮೇಲೆ ಹಿಟ್ಟು ಹರಡಿದವರು ಮಾತ್ರ ಆ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕೆಲಸಕ್ಕೆ ಇಳಿಯಬೇಕು.

ಆ ಲೆಕ್ಕ ಕಷ್ಟದ್ದಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕಡೆ ಬೆಳಗ್ಗೆ ಆಕಾಶ ತಿಳಿಯಾಗಿರುತ್ತದೆ. ನೆಲ ಕಾದು, ಮಧ್ಯಾಹ್ನ ಎರಡರ ಮೇಲೆ ಮೋಡ ಕಟ್ಟುತ್ತದೆ. ಗುಡುಗಿನ ಮಳೆ ಬರುವುದಾದರೆ ಹೆಚ್ಚಾಗಿ ನಾಲ್ಕರ ಮೇಲೆ. ಹಾಗಾಗಿ ತಾರಸಿಯ ಕೆಲಸ ಬೆಳಗ್ಗೆ 7ಕ್ಕೆ ಶುರು, ಮಧ್ಯಾಹ್ನ 3ಕ್ಕೆ ಎಲ್ಲವೂ ಒಳಗೆ. 11ರಿಂದ 4ರವರೆಗೆ ಮಕ್ಕಳು ನೆರಳಲ್ಲಿ ಕೂತು ಮಾಡುವ ಕೆಲಸ. ಊರಾಚೆ ಹೋಗುವುದಾದರೆ ನಸುಕಿಗೇ ಹೊರಟು ಮೂರರೊಳಗೆ ಮನೆ ಸೇರುವುದು. ರಜೆಯಲ್ಲಿ ಕೆಡುವ ಕೆಲಸಗಳಲ್ಲಿ ಹೆಚ್ಚಿನವು ಕೆಡುವುದು ಈ ಮೂರು ಗಂಟೆಯನ್ನು ಮರೆತಾಗ.

ಮಕ್ಕಳನ್ನು ಕೂರಿಸಿಕೊಂಡು ಮೊದಲ ಸಲ ಹಾಕುವವರು ಸಬ್ಬಕ್ಕಿ ಸಂಡಿಗೆಯಿಂದ ಶುರು ಮಾಡಿ. ಸೌಟಿನಲ್ಲಿ ಬಿಟ್ಟರೆ ತಾನೇ ಹರಡುತ್ತದೆ, ಒತ್ತುವ ಕೆಲಸವಿಲ್ಲ, ಆಕಾರ ಕೆಟ್ಟರೂ ಕರಿದಾಗ ಗೊತ್ತಾಗುವುದಿಲ್ಲ. ಒಂದು ಬಟ್ಟಲು, ಅಂದರೆ ಸುಮಾರು 200 ಗ್ರಾಂ ಸಬ್ಬಕ್ಕಿಯನ್ನು ಎರಡು ಸಲ ತೊಳೆದು 2 ಬಟ್ಟಲು ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಗ್ಗೆ ದಪ್ಪ ತಳದ ಪಾತ್ರೆಯಲ್ಲಿ 4 ಬಟ್ಟಲು ನೀರು ಕುದಿಸಿ, ನೆನೆದದ್ದನ್ನು ಹಾಕಿ, ಮಧ್ಯಮ ಉರಿಯಲ್ಲಿ 20 ರಿಂದ 25 ನಿಮಿಷ ತಳ ಹಿಡಿಯದಂತೆ ತಿರುವುತ್ತಿರಬೇಕು. 5 ಹಸಿಮೆಣಸಿನಕಾಯಿ ಮತ್ತು ಒಂದು ಚಿಕ್ಕ ಚಮಚ ಉಪ್ಪನ್ನು ಸೇರಿಸಿ ರುಬ್ಬಿದ್ದು, ಒಂದು ಚಮಚ ಜೀರಿಗೆ, ಚಿಟಿಕೆ ಇಂಗು ಕೊನೆಯ ಐದು ನಿಮಿಷದಲ್ಲಿ ಬೀಳಲಿ. ಒಂದು ನಿಂಬೆಹಣ್ಣಿನ ರಸ ಒಲೆ ಆರಿಸಿದ ಮೇಲೆ. ರಸ ಹಾಕಿ ಕುದಿಸಿದರೆ ಹುಳಿಗೆ ಗಂಜಿಯ ಅಂಟು ಒಡೆದು ನೀರಾಗುತ್ತದೆ, ಶೀಟಿನ ಮೇಲೆ ನಿಲ್ಲದೆ ಹರಿದುಹೋಗುತ್ತದೆ.

ಬೆಂದದ್ದು ಗೊತ್ತಾಗುವುದು ಕಾಳಿನಿಂದ. ಕಾಳು ಗಾಜಿನಂತೆ ತಿಳಿಯಾಗಬೇಕು. ನಡುವೆ ಸಾಸಿವೆಯಷ್ಟು ಬಿಳಿ ಚುಕ್ಕೆ ಉಳಿದಿದ್ದರೆ ಪಾತ್ರೆಯ ಬಿಸಿಗೇ ಬೇಯುತ್ತದೆ, ಅದಕ್ಕಿಂತ ದೊಡ್ಡದಿದ್ದರೆ ಇನ್ನೂ ಐದು ನಿಮಿಷ ಬೇಕು. ಇಲ್ಲಿ ಅವಸರ ಮಾಡಿದರೆ ಪರಿಣಾಮ ಕಾಣುವುದು ತಿಂಗಳ ನಂತರ, ಎಣ್ಣೆಯಲ್ಲಿ. ಸಂಡಿಗೆ ಅರಳುತ್ತದೆ, ಆದರೆ ನಡುವೆ ಹಲ್ಲಿಗೆ ಕಲ್ಲಿನಂತೆ ಸಿಗುವ ಗಟ್ಟಿ ಕಾಳು ಉಳಿಯುತ್ತದೆ. ಒಣಗಿದ ಮೇಲೆ ಅದನ್ನು ಸರಿಮಾಡುವ ದಾರಿಯೇ ಇಲ್ಲ.

ಉಪ್ಪಿನ ವಿಷಯದಲ್ಲಿ ಎಲ್ಲರೂ ಒಮ್ಮೆ ತಪ್ಪುತ್ತಾರೆ. ಗಂಜಿ ರುಚಿ ನೋಡಿದಾಗ ಉಪ್ಪು ಸರಿಯಾಗಿದೆ ಅನ್ನಿಸಿದರೆ ಅದು ಹೆಚ್ಚಾಗಿದೆ ಎಂದೇ ಅರ್ಥ. ನೀರೆಲ್ಲ ಆವಿಯಾದ ಮೇಲೂ ಉಪ್ಪು ಅಷ್ಟೇ ಉಳಿಯುತ್ತದೆ. ಗಂಜಿ ಸಪ್ಪೆ ಅನ್ನಿಸುವಾಗಲೇ ನಿಲ್ಲಿಸಿ.

ಹರಡಲು ಗಟ್ಟಿಯಾದ, ಬಣ್ಣವಿಲ್ಲದ ಪ್ಲಾಸ್ಟಿಕ್ ಶೀಟು ಅಥವಾ ಹಳೆಯ ಬಿಳಿ ಪಂಚೆ. ಪಂಚೆಯಲ್ಲಿ ಬೇಗ ಒಣಗುತ್ತದೆ, ಏಕೆಂದರೆ ಬಟ್ಟೆ ಕೆಳಗಿನಿಂದಲೂ ನೀರು ಹೀರುತ್ತದೆ. ಬಿಡಿಸುವಾಗ ಹಿಂಬದಿಗೆ ನೀರು ಚಿಮುಕಿಸಿ ಒಂದೊಂದಾಗಿ ಎಳೆಯಬೇಕು, ಅದು ತಾಳ್ಮೆಯ ಕೆಲಸ. ಚಿಕ್ಕ ಮಕ್ಕಳಿದ್ದರೆ ಶೀಟೇ ಅನುಕೂಲ. ಪಂಚೆಯಾದರೆ ಮೊದಲು ಒದ್ದೆ ಮಾಡಿ ಹಿಂಡಿ ಹರಡಿ, ಒಣ ಬಟ್ಟೆಯ ಮೇಲೆ ಬಿಟ್ಟದ್ದು ನೂಲಿಗೆ ಕಚ್ಚಿಕೊಳ್ಳುತ್ತದೆ. ಗಂಜಿ ಉಗುರುಬೆಚ್ಚಗೆ ಆದಾಗ ಒಂದೊಂದು ಚಿಕ್ಕ ಸೌಟು ಬಿಟ್ಟು, ಸೌಟಿನ ಬೆನ್ನಲ್ಲಿ ಒಂದೇ ಸುತ್ತು. ಅಗಲ ಮೂರು ಬೆರಳಿಗಿಂತ ಸ್ವಲ್ಪ ಹೆಚ್ಚು, ದಪ್ಪ ಒಂದು ಕಾಳಿನಷ್ಟು. ಈ ಅಳತೆಗೆ 40 ರಿಂದ 50 ಸಂಡಿಗೆ ಬರುತ್ತದೆ. ಮಕ್ಕಳು ಎರಡೆರಡು ಸೌಟು ಹಾಕಿ ದೋಸೆ ಮಾಡಲು ಹೊರಡುತ್ತಾರೆ. ದಪ್ಪಗಿದ್ದದ್ದರ ಮೇಲೆ ಸಿಪ್ಪೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ, ಡಬ್ಬಿಯಲ್ಲಿ ಮೊದಲು ಬೂಷ್ಟು ಹಿಡಿಯುವುದು ಅಂಥದ್ದಕ್ಕೇ.

ಕಾಗೆ ಅಳಿಲುಗಳಿಗೆ ನಾಲ್ಕು ಮೂಲೆಗೆ ನಾಲ್ಕು ಸ್ಟೂಲು ಇಟ್ಟು ಮೇಲೆ ಹಳೆಯ ಸೊಳ್ಳೆಪರದೆ ಬಿಗಿಯಾಗಿ ಕಟ್ಟಿದರೆ ಸಾಕು. ಪರದೆ ಸಂಡಿಗೆಗೆ ತಾಗಬಾರದು, ಒಂದು ಗೇಣು ಮೇಲಿರಬೇಕು. ಕಪ್ಪು ಕೊಡೆ ಬಿಚ್ಚಿಡುವ ಪದ್ಧತಿ ಮೊದಲ ದಿನಕ್ಕೆ ಕೆಲಸ ಮಾಡುತ್ತದೆ, ಎರಡನೇ ದಿನ ಕಾಗೆ ಅದರ ಮೇಲೇ ಕೂರುತ್ತದೆ. ಕಾವಲು ಕೂರುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸುವ ಮನೆಗಳಿವೆ. ಒಂಬತ್ತರವರೆಗೆ ಸರಿ, ಆಮೇಲಿನ ಬಿಸಿಲಿಗೆ ಅವರನ್ನು ಕೂರಿಸಬೇಡಿ.

ಏಪ್ರಿಲ್‌ನ ಮುಖ್ಯ ಉಪಾಯ ಒಣಗಿಸುವುದನ್ನು ಎರಡು ಹಂತ ಮಾಡುವುದು. ಮೊದಲ ದಿನ ಮೂರಕ್ಕೆ ಶೀಟಿನ ನಾಲ್ಕು ಮೂಲೆ ನಾಲ್ವರು ಹಿಡಿದು ಹಾಗೇ ಒಳಗೆ ತಂದು ಫ್ಯಾನಿನ ಕೆಳಗೆ ಹಾಸಿ. ಈ ಹೊತ್ತಿಗೆ ಅಂಚು ಎದ್ದಿರುತ್ತದೆ, ನಡು ಮೆತ್ತಗಿರುತ್ತದೆ. ಆಗಲೇ ಕೀಳಲು ಹೋದರೆ ಹರಿಯುತ್ತದೆ. ರಾತ್ರಿಯಿಡೀ ಫ್ಯಾನಿನ ಗಾಳಿಗೆ ಬಿಟ್ಟರೆ ಬೆಳಗ್ಗೆ ಕೈಯಿಂದ ಎತ್ತಿದರೆ ಬರುತ್ತದೆ. ಎರಡನೇ ದಿನ ಮಗುಚಿ, ಮೊರದಲ್ಲೋ ಅಗಲ ತಟ್ಟೆಯಲ್ಲೋ ಬಿಸಿಲಿಗಿಡಿ. ಮೋಡ ಬಂದರೆ ಮೊರ ಎತ್ತಿಕೊಂಡು ಒಳಗೆ ಓಡುವುದು ಸುಲಭ. ಮೂರನೇ ದಿನ ಎರಡು ಗಂಟೆ. ಮುರಿದರೆ ಟಕ್ ಎಂದು ಸದ್ದು ಬರಬೇಕು, ಬಾಗಿದರೆ ಇನ್ನೂ ಒಂದು ದಿನ ಬೇಕು.

ಬೆಳಗ್ಗೆಯೇ ಆಕಾಶ ಮಬ್ಬಾಗಿದ್ದರೆ ಒಲೆ ಹಚ್ಚಬೇಡಿ. ನೆನೆದ ಸಬ್ಬಕ್ಕಿ ಫ್ರಿಜ್‌ನಲ್ಲಿ ಒಂದು ದಿನ ತಡೆಯುತ್ತದೆ, ಬೆಂದ ಗಂಜಿ ತಡೆಯುವುದಿಲ್ಲ. ಹರಡಿದ ಮೇಲೆ ಮಳೆ ಬಂದು ಇಡೀ ದಿನ ಬಿಸಿಲು ಕಾಣದಿದ್ದರೆ ಫ್ಯಾನು ಹಾಕಿ, ಮಾರನೆಯ ದಿನ ಮೂಸಿ ನೋಡಿ. ಹುಳಿ ವಾಸನೆ ಹಿಡಿದು ಮೇಲ್ಮೈ ಲೋಳೆಯಾಗಿದ್ದರೆ ಎಸೆಯುವುದೇ ಸರಿ.

ಅಕ್ಕಿ ಸಂಡಿಗೆಗೆ ಕೈ ಸ್ವಲ್ಪ ಪಳಗಬೇಕು. ಚಕ್ಕುಲಿ ಒರಳಿನಲ್ಲಿ ಒತ್ತುವುದಕ್ಕೆ ಒಂದು ಅಳತೆ ಅಕ್ಕಿ ಹಿಟ್ಟಿಗೆ ಎರಡು ಅಳತೆ ನೀರು. ನೀರಿಗೆ ಉಪ್ಪು, ಜೀರಿಗೆ, ಇಂಗು, ರುಬ್ಬಿದ ಹಸಿಮೆಣಸಿನಕಾಯಿ ಹಾಕಿ ಮರಳಿಸಿ, ಉರಿ ತಗ್ಗಿಸಿ, ಹಿಟ್ಟು ಸುರಿದು ಕೋಲಿನಿಂದ ಗಂಟಿಲ್ಲದಂತೆ ಕೂಡಿಸಿ. ಮುಚ್ಚಿ, ಸಣ್ಣ ಉರಿಯಲ್ಲಿ 7 ನಿಮಿಷ. ಒದ್ದೆ ಕೈಯಿಂದ ಮುಟ್ಟಿದರೆ ಅಂಟಬಾರದು, ಹೊಳಪು ಕಾಣಬೇಕು. ಬಿಸಿ ಇರುವಾಗಲೇ ನಾದಿ, ಬಿಸಿ ಇರುವಾಗಲೇ ಒತ್ತಬೇಕು. ಆರಿದ ಹಿಟ್ಟು ಒರಳಿನಿಂದ ತುಂಡುತುಂಡಾಗಿ ಬರುತ್ತದೆ. ಒಂದೇ ಸಲ ಎಲ್ಲ ಹಿಟ್ಟು ನಾದದೆ, ಉಳಿದದ್ದನ್ನು ಪಾತ್ರೆಯಲ್ಲೇ ಒದ್ದೆ ಬಟ್ಟೆ ಮುಚ್ಚಿಡುವುದು ಅದಕ್ಕಾಗಿ. ಒತ್ತಿದ ಎಳೆಗಳಿಗೆ ಬಿಸಿಲು ಬೇಗ ಹಿಡಿಯುತ್ತದೆ, ಒಳ್ಳೆಯ ಬಿಸಿಲಿದ್ದರೆ ಒಂದೂವರೆ ದಿನ. ಹಳೆಯ ಅಕ್ಕಿಯ ಹಿಟ್ಟು ಹೊಸ ಅಕ್ಕಿಯದಕ್ಕಿಂತ ಚೆನ್ನಾಗಿ ಅರಳುತ್ತದೆ, ಹೊಸದು ಜಿಗುಟು.

ಮಳೆಗೆ ಹೆದರದ ಒಂದೇ ಒಂದು ಬಿಸಿಲಿನ ಕೆಲಸ ಮಜ್ಜಿಗೆ ಮೆಣಸಿನಕಾಯಿ. ಹೇಗಿದ್ದರೂ ರಾತ್ರಿ ಅದು ಮಜ್ಜಿಗೆಗೇ ವಾಪಸಾಗಬೇಕು, ಹಾಗಾಗಿ ಸಂಜೆಯ ಮೋಡದಿಂದ ತೊಂದರೆಯಿಲ್ಲ. ತಿಳಿ ಹಸಿರಿನ ದಪ್ಪ ಮೆಣಸಿನಕಾಯಿ 250 ಗ್ರಾಂ ತೊಳೆದು ಪೂರ್ತಿ ಒರೆಸಿ, ತೊಟ್ಟು ಬಿಟ್ಟು ಉದ್ದಕ್ಕೆ ಸೀಳಿ. 2 ಬಟ್ಟಲು ಗಟ್ಟಿ ಹುಳಿ ಮಜ್ಜಿಗೆಗೆ 2 ದೊಡ್ಡ ಚಮಚ ಉಪ್ಪು, ಒಂದು ಚಿಕ್ಕ ಚಮಚ ಹುರಿದ ಮೆಂತ್ಯದ ಪುಡಿ. ಎರಡು ರಾತ್ರಿ ನೆನೆಯಲಿ. ಆಮೇಲೆ ಹಗಲು ಹಿಂಡಿ ಬಿಸಿಲಿಗೆ, ರಾತ್ರಿ ಅದೇ ಮಜ್ಜಿಗೆಗೆ. ಮಜ್ಜಿಗೆ ಬಿಸಿಲಿಗೆ ಬೇಡ. ಮೂರು ನಾಲ್ಕು ದಿನದಲ್ಲಿ ಮಜ್ಜಿಗೆಯೆಲ್ಲ ಹೀರಿಕೊಂಡಿರುತ್ತದೆ, ಮುಂದೆ ಗಲಗಲ ಅನ್ನುವವರೆಗೆ ಒಣಗಿಸುವುದಷ್ಟೇ. ಉಪ್ಪು ಕಡಿಮೆ ಮಾಡಿದರೆ ಎರಡನೇ ರಾತ್ರಿಗೇ ಮಜ್ಜಿಗೆಯ ಮೇಲೆ ಪೊರೆ ಕಟ್ಟುತ್ತದೆ. ಇದರಲ್ಲಿ ಮಕ್ಕಳ ಕೈ ಬೇಡ. ದೊಡ್ಡವರೂ ಕೈಗೆ ಎಣ್ಣೆ ಸವರಿಕೊಂಡೇ ಸೀಳಬೇಕು, ಉರಿ ಹತ್ತಿದರೆ ಸೋಪಿಗಿಂತ ಮೊದಲು ಎಣ್ಣೆಯಲ್ಲಿ ಉಜ್ಜಿ ಒರೆಸಿ.

ಮಾವಿನ ಮಾಂಬಳವನ್ನು ಪದ್ಧತಿಯಂತೆ ದಿನಕ್ಕೊಂದು ಪದರ ಹಚ್ಚುತ್ತ ಎಂಟು ಹತ್ತು ದಿನ ಒಣಗಿಸಲು ನಮ್ಮ ಕಡೆ ಕಾಲ ಕೂಡಿಬರುವುದಿಲ್ಲ. ರಸಪುರಿ ಅಗ್ಗವಾಗುವ ಹೊತ್ತಿಗೆ ಸಂಜೆ ಮಳೆ ಖಾಯಂ ಆಗಿರುತ್ತದೆ. ಹಾಗಾಗಿ ಒಂದೇ ಪದರದ್ದು ಮಾಡುವುದು ಮೇಲು. ಸೋಸಿದ 2 ಬಟ್ಟಲು ರಸಕ್ಕೆ ಕಾಲು ಬಟ್ಟಲು ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಹತ್ತು ನಿಮಿಷ ಕಾಯಿಸಿ, ತುಪ್ಪ ಸವರಿದ ಸ್ಟೀಲ್ ತಟ್ಟೆಗೆ ದೋಸೆಯಷ್ಟು ದಪ್ಪಕ್ಕೆ ಸುರಿಯಿರಿ. ಎರಡು ಹಗಲಿಗೆ ಅಂಚಿನಿಂದ ಬಿಡುತ್ತದೆ. ತುಪ್ಪ ಹೆಚ್ಚಾದರೆ ರಸ ನಡುವೆ ನಿಲ್ಲದೆ ಅಂಚಿಗೆ ಜಾರುತ್ತದೆ, ಬಟ್ಟೆಯಲ್ಲಿ ಒರೆಸಿದಂತೆ ಇದ್ದರೆ ಸಾಕು.

ಹನ್ನೊಂದರ ಮೇಲೆ ಹುಣಸೆಯ ಸರದಿ. ವರ್ಷಕ್ಕಾಗುವ ಹುಣಸೆಹಣ್ಣು ಕೊಂಡು ಬೀಜ, ನಾರು ತೆಗೆಯುವುದು ಹೇಗೂ ಬೇಸಿಗೆಯ ಕೆಲಸ. ಅದರಲ್ಲಿ 100 ಗ್ರಾಂ ಬದಿಗಿಟ್ಟರೆ ಮನೆಮಂದಿಗೆಲ್ಲ ಚಿಗಳಿ. ಇದಕ್ಕೆ ಹೊಸ ಹಣ್ಣೇ ಆಗಬೇಕು, ಬಣ್ಣ ಕೆಂಪು ಕಂದು, ಮುಟ್ಟಿದರೆ ಮೆತ್ತಗೆ. ಕಪ್ಪಾದ ಹಳೆಯದರಲ್ಲಿ ಹುಳಿ ಒರಟು, ಕುಟ್ಟಿದರೂ ನಾರಾಗಿ ಉಳಿಯುತ್ತದೆ. 100 ಗ್ರಾಂ ಹುಣಸೆಗೆ 80 ಗ್ರಾಂ ಅಚ್ಚು ಬೆಲ್ಲ, ಒಂದು ಚಿಕ್ಕ ಚಮಚ ಹುರಿದ ಜೀರಿಗೆ, ಅರ್ಧ ಚಮಚ ಉಪ್ಪು, ಅರ್ಧ ಚಮಚ ಬ್ಯಾಡಗಿ ಮೆಣಸಿನಕಾಯಿಯ ಪುಡಿ. ಮೊದಲು ಜೀರಿಗೆ ಉಪ್ಪು ಕುಟ್ಟಿ, ಆಮೇಲೆ ಹುಣಸೆ ಹಾಕಿ ಮೆತ್ತಗಾಗುವವರೆಗೆ ಕುಟ್ಟಿ, ಬೆಲ್ಲ ಕೊನೆಗೆ. ಬೆಲ್ಲ ಮೊದಲೇ ಹಾಕಿದರೆ ಅದು ನೀರು ಬಿಟ್ಟು ಒನಕೆಗೆ ಅಂಟುತ್ತದೆ, ಹುಣಸೆ ಹಾಗೇ ಉಳಿಯುತ್ತದೆ.

ಕುಟ್ಟುವುದಕ್ಕೆ ಕಲ್ಲಿನ ಒರಳು ಬೇಕು. ಹಿತ್ತಾಳೆ ಕುಟ್ಟಾಣಿ ಬೇಡವೇ ಬೇಡ, ಹುಣಸೆಯ ಹುಳಿ ಲೋಹವನ್ನು ತಿನ್ನುತ್ತದೆ, ಮಕ್ಕಳು ಅದನ್ನು ಗಂಟೆಗಟ್ಟಲೆ ಚೀಪುತ್ತಾರೆ. ಮಿಕ್ಸಿಯಲ್ಲಿ ಬ್ಲೇಡಿಗೆ ಸುತ್ತಿಕೊಂಡು ಮೋಟಾರು ಬಿಸಿಯಾಗುತ್ತದೆಯೇ ಹೊರತು ಕುಟ್ಟಿದ ಹದ ಬರುವುದಿಲ್ಲ. ಕುಟ್ಟಿದ್ದನ್ನು ನೆಲ್ಲಿಕಾಯಿ ಗಾತ್ರಕ್ಕೆ ಉಂಡೆ ಕಟ್ಟಿ ಕಡ್ಡಿಗೆ ಸಿಕ್ಕಿಸಿ. ಉಂಡೆ ಕಡ್ಡಿಯಿಂದ ಜಾರುತ್ತಿದ್ದರೆ ಬೆಲ್ಲ ಹೆಚ್ಚಾಗಿದೆ, ಒಂದು ಚಿಟಿಕೆ ಹುರಿಗಡಲೆ ಹಿಟ್ಟು ಸೇರಿಸಿದರೆ ನಿಲ್ಲುತ್ತದೆ. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಕಡ್ಡಿ ಕೊಡದೆ ಚಮಚದ ತುದಿಯಲ್ಲಿ ಮೆತ್ತಿ ಕೊಡಿ, ಕೊಡುವ ಮುನ್ನ ಬೀಜದ ಚೂರು ಉಳಿದಿದೆಯೇ ಎಂದು ಬೆರಳಲ್ಲಿ ಹಿಸುಕಿ ನೋಡಿ.

ಬಿಡಿಸಿದ ಬೀಜ ಎಸೆಯಬೇಡಿ, ಚೌಕಾಬಾರದ ದಾಳ ಅದರಲ್ಲೇ ಇದೆ. ಒಂದೇ ಗಾತ್ರದ, ಚಪ್ಪಟೆಯಾದ ನಾಲ್ಕೈದು ಬೀಜ ಆರಿಸಿ ತೊಳೆದು ಒಣಗಿಸಿ. ಒರಟು ಸಿಮೆಂಟ್ ಮೆಟ್ಟಿಲಿಗೋ ಚಪ್ಪಡಿ ಕಲ್ಲಿಗೋ ನೀರು ಹನಿಸಿ ಒಂದೇ ಮುಖವನ್ನು ಉಜ್ಜಬೇಕು. ಕಂದು ಸಿಪ್ಪೆ ಹೋಗಿ ಬಿಳಿ ಕಾಣುತ್ತಿದ್ದಂತೆ ನಿಲ್ಲಿಸಿ. ಅರ್ಧದವರೆಗೂ ಉಜ್ಜಿದ ಬೀಜ ಹಗುರಾಗಿ ಒಂದೇ ಮಗ್ಗುಲಿಗೆ ಬೀಳಲು ಶುರುವಾಗುತ್ತದೆ. ಪರೀಕ್ಷೆಗೆ ಪ್ರತಿ ಬೀಜವನ್ನು ಇಪ್ಪತ್ತು ಸಲ ಎಸೆದು ಬಿಳಿ ಎಷ್ಟು ಸಲ ಬಂತೆಂದು ಮಕ್ಕಳೇ ಬರೆದುಕೊಳ್ಳಲಿ. ಎಂಟರಿಂದ ಹನ್ನೆರಡರೊಳಗೆ ಇದ್ದರೆ ಇಟ್ಟುಕೊಳ್ಳಬಹುದು. ಹುರಿದ ಬೀಜ ಬೇಡ, ಸಿಪ್ಪೆ ಸುಲಿದುಬರುತ್ತದೆ.

ಮನೆ ಬರೆಯುವುದು ಐದಕ್ಕೆ ಐದು, ಒಟ್ಟು 25. ನಾಲ್ಕೂ ಬದಿಯ ನಡುಮನೆಗೆ ಮತ್ತು ಒಟ್ಟು ನಡುವಿನ ಮನೆಗೆ ಅಡ್ಡಗೀಟು. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8, ಕೊನೆಗೆ ಹಣ್ಣಾಗುವ ಒಂದು ಮನೆ. ನಾಲ್ಕು ಬೀಜದಲ್ಲಿ ಬಿಳಿ ಎಷ್ಟು ಬಿತ್ತೋ ಅಷ್ಟು ಲೆಕ್ಕ. ನಾಲ್ಕೂ ಬಿಳಿಯಾದರೆ ಚೌಕ, ಅಂದರೆ 4, ನಾಲ್ಕೂ ಕಪ್ಪಾದರೆ ಬಾರ, ಅಂದರೆ 8. ಎದುರಾಳಿಯ ಒಂದು ಕಾಯಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮ ಇಟ್ಟುಕೊಂಡರೆ ಆಟಕ್ಕೆ ಬಿಸಿ ಏರುತ್ತದೆ. ರಟ್ಟಿನ ಮೇಲೆ ಬರೆದುಕೊಂಡರೆ ಮಳೆ ಬಂದಾಗ ಎತ್ತಿಕೊಂಡು ಒಳಗೆ ಹೋಗಬಹುದು.

ಪೀಪಿ, ಗಿರಗಿಟ್ಲೆ ಮಾಡಲು ತೆಂಗಿನ ಗರಿಯ ಆಯ್ಕೆಯೇ ಅರ್ಧ ಕೆಲಸ. ಸುಳಿಯ ಎಳೆಗರಿ ಚೆಂದ, ಆದರೆ ಅದನ್ನು ಮುರಿದರೆ ಮರಕ್ಕೆ ಪೆಟ್ಟು. ಮೇಲಾಗಿ ಅದು ಮೆತ್ತಗಿದ್ದು ಪೀಪಿಗೆ ಸದ್ದು ಬರುವುದಿಲ್ಲ. ಬಿದ್ದ ಒಣಗರಿ ಮಡಚಿದರೆ ಸೀಳುತ್ತದೆ. ಕಾಯಿ ಕೀಳಿಸುವ ದಿನ ನಡುವಿನ ಒಂದು ಹಸಿರು ಸೋಗೆ ಕಡಿಸಿಕೊಳ್ಳಿ. ಗರಿಗಳನ್ನು ಬಿಡಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಎರಡು ದಿನ ಬಾಗುತ್ತದೆ. ನಡುವಿನ ಕಡ್ಡಿ ತೆಗೆದು ಪಟ್ಟಿ ಮಾಡಿ. ಆ ಕಡ್ಡಿಯೇ ಚಿಗಳಿಗೂ, ಎಲೆ ಹಚ್ಚುವುದಕ್ಕೂ ಬರುತ್ತದೆ.

ಪೀಪಿಗೆ ಎರಡು ಬೆರಳಗಲದ, ಆದಷ್ಟು ಉದ್ದದ ಪಟ್ಟಿ. ಮೊದಲು ಒಂದು ಅಂಗುಲದ ಚಿಕ್ಕ ಚೂರನ್ನು ನಡುವೆ ಮಡಚಿ ಇಟ್ಟುಕೊಳ್ಳಿ, ಅದು ನಾಲಗೆ. ಪಟ್ಟಿಯ ಕಿರಿದಾದ ತುದಿಯನ್ನು ಪೆನ್ಸಿಲ್‌ಗಿಂತ ಸಪೂರವಾಗಿ ಸುರುಳಿ ಸುತ್ತಿ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಮುಚ್ಚುವಂತೆ ಓರೆಯಾಗಿ ಸಾಗಿ. ಐದಾರು ಸುತ್ತಿಗೆ ಆಲಿಕೆಯ ಆಕಾರ ಬರುತ್ತದೆ. ಪಟ್ಟಿ ಮುಗಿದರೆ ಇನ್ನೊಂದನ್ನು ಒಳಗೆ ಸೇರಿಸಿ ಮುಂದುವರಿಸಿ. ಅಗಲ ಬಾಯಿಯ ಬಳಿ ಕಡ್ಡಿ ಚುಚ್ಚಿ ಬಿಗಿ ಮಾಡಿ. ಈಗ ನಾಲಗೆಯನ್ನು ಸಪೂರ ಬಾಯಿಗೆ ತೂರಿಸಿ ಆ ಬಾಯನ್ನು ಬೆರಳಲ್ಲಿ ಒತ್ತಿ ಚಪ್ಪಟೆ ಮಾಡಿ ಊದಿ. ಬರೀ ಗಾಳಿ ಹೋಗುತ್ತಿದ್ದರೆ ಸುತ್ತುಗಳ ನಡುವೆ ಸಂದಿದೆ ಅಥವಾ ಬಾಯಿ ಅಗಲವಾಗಿದೆ. ಗಾಳಿಯೇ ಹೋಗದಿದ್ದರೆ ನಾಲಗೆ ದಪ್ಪವಾಗಿದೆ, ಇನ್ನೂ ತೆಳುವಾದ ಚೂರು ಹಾಕಿ. ಸದ್ದು ಬರುವುದು ಆ ಎರಡು ತೆಳು ಪದರ ಒಂದಕ್ಕೊಂದು ತಾಗಿ ನಡುಗಿದಾಗ.

ಗಿರಗಿಟ್ಲೆಗೆ ಒಂದು ಬೆರಳಗಲದ, ಒಂದು ಅಡಿ ಉದ್ದದ ನಾಲ್ಕು ಪಟ್ಟಿ. ನಾಲ್ಕನ್ನೂ ನಡುವೆ ಮಡಚಿ. ಒಂದನೆಯದನ್ನು ಎರಡನೆಯದು ಅಪ್ಪಿಕೊಳ್ಳಬೇಕು, ಎರಡನೆಯದನ್ನು ಮೂರನೆಯದು, ಮೂರನೆಯದನ್ನು ನಾಲ್ಕನೆಯದು. ನಾಲ್ಕನೆಯದರ ಎರಡೂ ತುದಿಯನ್ನು ಒಂದನೆಯದರ ಮಡಿಕೆಯ ಕಣ್ಣಿನೊಳಗೆ ತೂರಿಸಿ ನಾಲ್ಕೂ ದಿಕ್ಕಿನಿಂದ ಸ್ವಲ್ಪಸ್ವಲ್ಪವಾಗಿ ಎಳೆದರೆ ನಡುವೆ ಚೌಕ ಗಂಟು ಬೀಳುತ್ತದೆ. ಒಂದೇ ಕಡೆ ಜಗ್ಗಿದರೆ ಗಂಟು ಸೊಟ್ಟಗಾಗಿ ತಿರುಗುವಾಗ ಎಗರುತ್ತದೆ. ರೆಕ್ಕೆಗಳನ್ನು ಸಮನಾಗಿ ಕತ್ತರಿಸಿ, ಎಲ್ಲವನ್ನೂ ಒಂದೇ ದಿಕ್ಕಿಗೆ ತುಸು ತಿರುಚಿ. ನಡುವಿನ ರಂಧ್ರಕ್ಕೆ ಕಡ್ಡಿ ಸಡಿಲವಾಗಿ ಹೋಗಬೇಕು, ಕಡ್ಡಿಯ ತುದಿಗೆ ಗರಿಯ ಚೂರು ಸಿಕ್ಕಿಸಿದರೆ ಗಿರಗಿಟ್ಲೆ ಹಾರಿಹೋಗುವುದಿಲ್ಲ. ತಿರುಗದಿದ್ದರೆ ಒಂದಾದರೂ ರೆಕ್ಕೆ ಎದುರು ದಿಕ್ಕಿಗೆ ತಿರುಚಿಕೊಂಡಿರುತ್ತದೆ.

ಈ ಹೊತ್ತಿಗೆ ಕುಡಿಯಲು ಬೇಕಾಗುತ್ತದೆ. ರಾಮನವಮಿಯ ಪಾನಕವನ್ನು ಆ ಒಂದೇ ದಿನಕ್ಕೆ ಮೀಸಲಿಡುವುದು ನಷ್ಟ. ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, ಒಂದು ನಿಂಬೆಹಣ್ಣು, ನಾಲ್ಕು ಏಲಕ್ಕಿ, ಅರ್ಧ ಚಮಚ ಒಣಶುಂಠಿ, ಕಾಲು ಚಮಚ ಮೆಣಸು, ಚಿಟಿಕೆ ಉಪ್ಪು. ಬೆಲ್ಲ ಕರಗಿಸಿ ಸೋಸಿದ ಮೇಲೆ ಉಳಿದದ್ದು ಹಾಕಿ. ಬೇಲದ ಹಣ್ಣು ಸಿಕ್ಕರೆ ಅದರ ಪಾನಕ ಇನ್ನೂ ಮೇಲು. ಹಣ್ಣಾಗಿದೆಯೇ ಎಂದು ತಿಳಿಯಲು ಒಂದು ಅಡಿ ಮೇಲಿನಿಂದ ನೆಲಕ್ಕೆ ಬಿಡಿ. ಕಾಯಿ ಪುಟಿಯುತ್ತದೆ, ಹಣ್ಣು ಪುಟಿಯದೆ ಕೂರುತ್ತದೆ. ಒಂದು ದೊಡ್ಡ ಹಣ್ಣಿನ ತಿರುಳನ್ನು ಅರ್ಧ ಬಟ್ಟಲು ಪುಡಿಬೆಲ್ಲದ ಜೊತೆ ಕಿವುಚಿ ಹತ್ತು ನಿಮಿಷ ಬಿಟ್ಟು, ನಾಲ್ಕು ಲೋಟ ನೀರು ಹಾಕಿ ಸೋಸಿ. ಮೊದಲೇ ನೀರು ಹಾಕಿದರೆ ತಿರುಳು ನಾರಿನಿಂದ ಬಿಡುವುದಿಲ್ಲ.

ಹೊರಗೆ ಹೋಗಲು ಮೈಸೂರಿನವರಿಗೆ ನಾನು ಹೇಳುವ ಜಾಗ ರಂಗನತಿಟ್ಟು. ಊರಿನಿಂದ ಸುಮಾರು 20 ಕಿಲೋಮೀಟರ್, ಶ್ರೀರಂಗಪಟ್ಟಣದ ಪಕ್ಕ, ಕಾವೇರಿಯ ನಡುಗಡ್ಡೆಗಳು. ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಯದಿಂದ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಅಂದರೆ ರಾಮ್ಸಾರ್ ತಾಣಗಳ ಪಟ್ಟಿ ಸೇರಿತು. ಬೇಸಿಗೆ ರಜೆಯಲ್ಲೇ ಹೋಗಬೇಕಾದ ಕಾರಣವಿದೆ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳ ಗೂಡಿನಲ್ಲಿ ಆಗ ಮರಿಗಳನ್ನು ಕಾಣಬಹುದು. ನದಿಯೂ ತಗ್ಗಿ ಬಂಡೆಗಳ ಮೇಲೆ ಮೊಸಳೆಗಳು ಬಿಸಿಲು ಕಾಯಿಸುತ್ತ ಮಲಗಿರುತ್ತವೆ. ಮುಂಗಾರಿನಲ್ಲಿ ಮೇಲಿನಿಂದ ನೀರು ಬಿಟ್ಟಾಗ ದೋಣಿಯೇ ನಿಲ್ಲುತ್ತದೆ.

ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿದ್ದು ಮೊದಲ ದೋಣಿಗಳಲ್ಲಿ ಹೋಗಿ. ಹತ್ತರ ಮೇಲೆ ನೀರಿನ ಝಳ ಕಣ್ಣಿಗೆ ಹೊಡೆಯುತ್ತದೆ, ಹಕ್ಕಿಗಳೂ ನೆರಳಿಗೆ ಸರಿಯುತ್ತವೆ. ಮಕ್ಕಳಿಗೆ ಹೆಸರಿನ ಪಟ್ಟಿ ಕೊಡುವುದಕ್ಕಿಂತ ಕೊಕ್ಕು ನೋಡಲು ಹೇಳಿಕೊಡಿ. ಮುಚ್ಚಿದರೂ ನಡುವೆ ಸಂದಿ ಉಳಿಯುವುದು ಬಾಯ್ಕಳಕ, ತುದಿ ಚಮಚದಂತಿರುವುದು ಚಮಚದ ಕೊಕ್ಕು, ಕೆಳಗೆ ಚೀಲ ಜೋತಾಡುವುದು ಹೆಜ್ಜಾರ್ಲೆ. ಇಷ್ಟು ಗೊತ್ತಿದ್ದರೆ ಉಳಿದದ್ದನ್ನು ಅವರೇ ಕೇಳುತ್ತಾರೆ. ಅಚ್ಚ ಬಿಳಿ, ಕೆಂಪು ಬಟ್ಟೆ ಬೇಡ. ಪೀಪಿ ಮನೆಯಲ್ಲೇ ಇರಲಿ. ದೋಣಿಯಿಂದ ಕೈ ನೀರಿಗೆ ಇಳಿಬಿಡಬಾರದು. ಹಿಂತಿರುಗುವಾಗ ಕಾವೇರಿಯ ಬೇರೆ ದಂಡೆಗಳಲ್ಲಿ ಮಕ್ಕಳನ್ನು ನೀರಿಗಿಳಿಸುವ ಆಸೆಯನ್ನೂ ಬಿಡಿ. ಬೇಸಿಗೆಯಲ್ಲಿ ಮೊಣಕಾಲುದ್ದ ಕಾಣುವ ನೀರಿನಲ್ಲಿ ಬಂಡೆಗಳ ನಡುವೆ ಆಳದ ಮಡುಗಳಿರುತ್ತವೆ, ಕಲ್ಲಿನ ಮೇಲೆ ಪಾಚಿ ಇರುತ್ತದೆ.

ಬುತ್ತಿಗೆ ಮೊಸರನ್ನ ಮತ್ತು ಪುಳಿಯೋಗರೆ, ಬೇರೆ ಬೇಡ. ಮೊಸರನ್ನಕ್ಕೆ ಒಂದು ಬಟ್ಟಲು ಅಕ್ಕಿಗೆ ಮೂರೂವರೆ ಬಟ್ಟಲು ನೀರು ಹಾಕಿ ಮೆತ್ತಗೆ ಮಾಡಿ ಹಿಸುಕಿ, ಅನ್ನ ಉಗುರುಬೆಚ್ಚಗಾದ ಮೇಲೆ 2 ಬಟ್ಟಲು ಕಾಯಿಸಿ ಆರಿಸಿದ ಹಾಲು, 2 ಚಮಚ ಮೊಸರು ಮಾತ್ರ. ಬೆಳಗ್ಗೆ ಆರಕ್ಕೆ ಕಲಸಿದ್ದು ಹನ್ನೆರಡಕ್ಕೆ ತಾನೇ ಹೆಪ್ಪಾಗಿ ಸಿಹಿ ಮೊಸರಿನ ರುಚಿಗೆ ಬಂದಿರುತ್ತದೆ. ಮೊದಲೇ ಮೊಸರು ಸುರಿದು ಕಲಸಿದರೆ ಊಟದ ಹೊತ್ತಿಗೆ ಹುಳಿ ಹತ್ತಿರುತ್ತದೆ. ಬಿಸಿ ಅನ್ನಕ್ಕೆ ಕಲಸಿದರೆ ಹಾಲು ಒಡೆಯಬಹುದು, ಹೆಪ್ಪೂ ಹಿಡಿಯುವುದಿಲ್ಲ. ಪುಳಿಯೋಗರೆಗೆ ಅನ್ನ ಉದುರಾಗಿರಬೇಕು, ಅಗಲ ತಟ್ಟೆಗೆ ಹರಡಿ ಎಳ್ಳೆಣ್ಣೆ ಸವರಿ ಪೂರ್ತಿ ಆರಿದ ಮೇಲೆ ಗೊಜ್ಜು. ಬಿಸಿ ಇರುವಾಗ ಡಬ್ಬಿಗೆ ತುಂಬಿದರೆ ಆವಿ ಮುಚ್ಚಳಕ್ಕೆ ಕಟ್ಟಿ ನೀರಾಗಿ ಇಳಿಯುತ್ತದೆ, ಅನ್ನ ಹಳಸುವುದು ಅಲ್ಲಿಂದಲೇ. ಹಸಿ ಕಾಯಿತುರಿ ಬೇಡ, ಕೊಬ್ಬರಿ ಹಾಕಿ. ಬಾಳೆಲೆಯಲ್ಲಿ ಕಟ್ಟುವುದಾದರೆ ಎಲೆಯನ್ನು ಒಲೆಯ ಉರಿಯ ಮೇಲೆ ಸರಸರನೆ ಆಡಿಸಿ ಬಾಡಿಸಿ, ಹಸಿ ಎಲೆ ಮಡಿಕೆಯಲ್ಲಿ ಸೀಳುತ್ತದೆ. ಉಣ್ಣಲು ಮುತ್ತುಗದ ಎಲೆ ಸಿಕ್ಕರೆ ಹಿಂದಿನ ಮಧ್ಯಾಹ್ನ ಅದೇ ತೆಂಗಿನ ಕಡ್ಡಿಯ ಚೂರುಗಳಿಂದ ಹಚ್ಚಿಟ್ಟುಕೊಳ್ಳಬಹುದು, ಕಡ್ಡಿಯ ತುದಿಗಳು ಕೆಳಮುಖವಾಗಿರಲಿ. ಊಟ ದೋಣಿಯಲ್ಲೂ ಬೇಡ, ಗೂಡಿರುವ ಮರದ ಕೆಳಗೂ ಬೇಡ. ಉಳಿದ ಅನ್ನವನ್ನು ಹಕ್ಕಿ, ಕೋತಿಗಳಿಗೆ ಹಾಕದೆ ಡಬ್ಬಿಯಲ್ಲೇ ಮನೆಗೆ ತನ್ನಿ.

ಆ ದಿನ ತಾರಸಿಯ ಮೇಲೆ ಹಸಿ ಸಂಡಿಗೆ ಹರಡಿ ಹೊರಡಬೇಡಿ. ಎರಡನೇ ಬಿಸಿಲಿನ ಮೊರವಿದ್ದರೂ ಅದು ಒಳಗಿನ ಕಿಟಕಿಯ ಬಳಿಯೇ ಇರಲಿ. ಎಲ್ಲ ಒಣಗಿದ ಮೇಲೆ ಬಿಸಿಲಿನಿಂದ ತಂದ ಸಂಡಿಗೆಯನ್ನು ಒಂದು ಗಂಟೆ ನೆರಳಲ್ಲಿ ಆರಿಸಿ ಡಬ್ಬಿಗೆ ತುಂಬಿ. ಮುಂಗಾರು ಹಿಡಿದ ಮೇಲೆ ಜೂನ್, ಜುಲೈನಲ್ಲಿ ಬಿಸಿಲು ಕಂಡ ಒಂದು ಬೆಳಗ್ಗೆ ಮೊರಕ್ಕೆ ಸುರಿದು ಒಂದು ಗಂಟೆ ಇಟ್ಟರೆ ಮತ್ತೆ ಗರಿಯಾಗುತ್ತದೆ. ಕರಿಯುವ ದಿನವೂ ಅರ್ಧ ಗಂಟೆ ಬಿಸಿಲು ತೋರಿಸಿ, ಎಣ್ಣೆ ಚೆನ್ನಾಗಿ ಕಾದ ಮೇಲೆ ಒಂದೊಂದೇ ಬಿಡಿ. ಹಾಕಿದ್ದು ತಳಕ್ಕೆ ಹೋಗಿ ಕೂಡಲೇ ಮೇಲೇಳಬೇಕು. ತಳದಲ್ಲೇ ನಿಂತರೆ ಎಣ್ಣೆ ಕಾದಿಲ್ಲ, ಬಿಟ್ಟ ತಕ್ಷಣ ಕೆಂಪಾದರೆ ಉರಿ ಹೆಚ್ಚಾಗಿದೆ.